ಕೀಬೋರ್ಡಿನ ಎಡಗಡೆಯ ವಾಚು

ಚಿಕ್ಕಮ್ಮ ಮಕ್ಕಳ ಆಸ್ಪತ್ರೆಗೆ ಸೇರಿದ್ದು ಟೈಪಿಸ್ಟ್ ಆಗಿ. ನನ್ನ ಅಮ್ಮನ ಕೊನೆಯ ತಂಗಿ ಅವಳು, ಮದುವೆಯ ಗೊಡವೆಗೆ ಹೋಗದವಳು. ಆಸ್ಪತ್ರೆಗೆ ಮೊದಲ ಕಂಪ್ಯೂಟರ್ ಬಂದ ದಿನ ಗುಮಾಸ್ತರೆಲ್ಲ ಹಾವಿನ ಬುಟ್ಟಿ ನೋಡುವ ಹಾಗೆ ಬಾಗಿಲಲ್ಲೇ ನಿಂತು ನೋಡಿದರಂತೆ. ಇವಳು ಒಳಗೆ ಹೋಗಿ ಕುರ್ಚಿ ಎಳೆದುಕೊಂಡಳು. ಆ ಕುರ್ಚಿಯಲ್ಲೇ ಇಪ್ಪತ್ತಮೂರು ವರ್ಷ ಕಳೆದವು. ಕೈಹಿಡಿದು ಕಲಿಸಿದವರು ಯಾರೂ ಇಲ್ಲ. ಬಸ್ಸಿನಲ್ಲಿ ಪುಸ್ತಕ ಓದಿಕೊಂಡೇ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವಳಾದಳು.

ಸರ್ವರ್ ಇದ್ದ ಕೋಣೆ ಮೊದಲು ಹೊದಿಕೆಗಳ ಉಗ್ರಾಣವಾಗಿತ್ತು. ಕಪಾಟಿನ ಮೇಲೆ ‘ದೊಡ್ಡ ಹಾಸು’, ‘ಚಿಕ್ಕ ಹಾಸು’ ಎಂಬ ಚೀಟಿಗಳು ಇನ್ನೂ ಅಂಟಿಕೊಂಡಿದ್ದವು. ಏಸಿಯಿಂದ ನೀರು ಒಂದು ನೀಲಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಬಕೆಟ್ ತುಂಬಿದಾಗ ಸದ್ದು ಬದಲಾಗುತ್ತಿತ್ತು, ಚಿಕ್ಕಮ್ಮ ತಲೆಯೆತ್ತದೆ ‘ಆಯಾ’ ಎಂದು ಕೂಗುತ್ತಿದ್ದಳು. ಆಯಾ ಬಂದು ಚೆಲ್ಲಿ ಇಡುತ್ತಿದ್ದಳು.

ನಾನು ಅಲ್ಲಿ ವೆಬ್ ಪುಟಗಳ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೆರಿಗೆ ರಜೆ ಮುಗಿಸಿ ಬಂದ ಮೇಲೆ ನನ್ನ ಅರ್ಧ ಜೀವ ಎರಡು ಬೀದಿ ಆಚೆ, ಮಗಳನ್ನು ಬಿಟ್ಟು ಬರುವ ಶಿಶುಕೇಂದ್ರದಲ್ಲಿರುತ್ತಿತ್ತು. ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ.

“ಮತ್ತೆ ಮಾಡಿದ್ಯಾ? ನಿನ್ನ ನಂಬರ್ ಕಂಡ್ರೆ ಅವರು ಫೋನನ್ನ ದಿಂಬಿನ ಕೆಳಗೆ ಇಡ್ತಾರೆ ನೋಡು,” ಎನ್ನುತ್ತಿದ್ದಳು ಚಿಕ್ಕಮ್ಮ.

“ಬೆಳಿಗ್ಗೆ ಎರಡು ಸಲ ಸೀನಿದ್ಲು ಚಿಕ್ಕಮ್ಮ.”

“ನಾನು ಮೂರು ಸಲ ಸೀನಿದೆ. ನನ್ನ ಯಾರು ಕೇಳಿದ್ರು?”

ಆಸ್ಪತ್ರೆಯಲ್ಲಿ ಅವಳನ್ನು ಬೀಗದಮ್ಮ ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಪ್ರತಿಯೊಂದು ವೆಬ್ ತಂತ್ರಾಂಶಕ್ಕೂ ಒಂದು ಸಂರಚನಾ ಫೈಲ್ ಇರುತ್ತದೆ. ರೋಗಿಗಳ ಮಾಹಿತಿ ಎಲ್ಲಿದೆ, ಅದರ ಗುಪ್ತಪದವೇನು ಎಂಬುದೆಲ್ಲ ಆ ಒಂದೇ ಪುಟದಲ್ಲಿ. ಅದನ್ನು ಸದಾ ಬೀಗ ಹಾಕಿಯೇ ಇಡಬೇಕು. ಬೀಗವೆಂದರೆ ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆ. ತಂತ್ರಾಂಶ ಓದಬಹುದು, ಯಾರೂ ಬರೆಯುವಂತಿಲ್ಲ. ಹೊಸದನ್ನು ಸ್ಥಾಪಿಸುವಾಗ ಮಾತ್ರ ಬೀಗ ತೆಗೆದು, ವಿವರ ಬರೆಸಿ, ಮುಗಿದ ಕೂಡಲೇ ಹಾಕಬೇಕು. ಹಾಕದಿದ್ದರೆ ಸ್ಥಾಪನೆಯ ಪುಟ ಜೀವಂತವಾಗಿಯೇ ಇರುತ್ತದೆ. ಹೊರಗಿನ ಯಾರು ಬೇಕಾದರೂ ಬಂದು ತಮ್ಮ ವಿವರ ತುಂಬಬಹುದು. ತೊಂದರೆಯೆಂದರೆ ಬೀಗ ಹಾಕಿದರೂ ಹಾಕದಿದ್ದರೂ ಪುಟ ಚೆನ್ನಾಗಿಯೇ ನಡೆಯುತ್ತದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ಚಿಕ್ಕಮ್ಮ ಒಂದು ರೂಢಿ ಮಾಡಿಕೊಂಡಿದ್ದಳು. ಅವಳ ವಾಚಿನ ಲೋಹದ ಪಟ್ಟಿ ಟೈಪ್ ಮಾಡುವಾಗ ಮೇಜಿಗೆ ಕರಕರ ತಾಗುತ್ತಿತ್ತು, ಬಿಚ್ಚಿಡುತ್ತಿದ್ದಳು. ಅದೇ ಮುಂದೆ ನಿಯಮವಾಯಿತು. ಫೈಲಿನ ಬೀಗ ತೆಗೆಯುವ ಮೊದಲು ವಾಚು ಬಿಚ್ಚಿ ಕೀಬೋರ್ಡಿನ ಎಡಗಡೆ ಇಡುವುದು. ಬೀಗ ಹಾಕಿದ ಮೇಲೆಯೇ ತೆಗೆದುಕೊಳ್ಳುವುದು. ವಾಚು ಎಡಗಡೆ ಇದೆಯೆಂದರೆ ಬಾಗಿಲು ತೆರೆದಿದೆ. ಆಯಾಗೂ ಇದು ಗೊತ್ತಿತ್ತು, ಮೇಜು ಒರೆಸುವಾಗ ವಾಚಿನ ಸುತ್ತ ಒರೆಸುತ್ತಿದ್ದಳು. ನನಗಂತೂ ಸೇರಿದ ಮೊದಲ ವಾರವೇ ಹೇಳಿದ್ದಳು. ಆ ನಿಯಮ ಹುಟ್ಟಿದ ಹದಿನೇಳು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಈ ವರ್ಷ ಸೂಪರಿಂಟೆಂಡೆಂಟರು ಹೊಸ ಮಾತು ತೆಗೆದರು. ಸರ್ವರನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿಬಿಡೋಣ ಎಂದು. ಚಿಕ್ಕಮ್ಮ ಮೇಲಿನ ಮಹಡಿಗೆ ಹೋಗಿ ನಿಂತು ಮಾತಾಡಿ ಬಂದಳು. ತಪಾಸಣೆಯ ಸಮಯ ಕಾದಿರಿಸುವ ಹೊಸ ತಂತ್ರಾಂಶವನ್ನು ಅವಳೇ ಕೂರಿಸಬೇಕು. ಒಂದು ತಿಂಗಳು ಎಡವದೆ ನಡೆದರೆ ಸರ್ವರ್ ಅವಳಲ್ಲೇ ಇರುತ್ತದೆ, ಎಡವಿದರೆ ಕಂಪನಿಗೆ. ಹಾಗೆಂದು ತೀರ್ಮಾನವಾಯಿತು.

“ಹೋದ್ರೆ ಹೋಗ್ಲಿ ಬಿಡು ಚಿಕ್ಕಮ್ಮ, ಆರಾಮಾಗಿರು,” ಎಂದಿದ್ದೆ.

“ನಿನ್ನ ಮಗಳನ್ನ ನಾಳೆಯಿಂದ ಬೇರೆಯವರು ನೋಡ್ಕೋತಾರೆ, ಆರಾಮಾಗಿರು ಅಂದ್ರೆ ಇರ್ತೀಯಾ?”



ಸ್ಥಾಪನೆ ಮಾಡಿದ್ದು ಮಂಗಳವಾರ ಮಧ್ಯಾಹ್ನ. ಆ ವಾರ ವಾಚಿನ ಪಟ್ಟಿಯ ಕೊಂಡಿ ಸಡಿಲವಾಗಿತ್ತು. ಹಾಗಾಗಿ ಬೀಗ ಹಾಕಿದ ಮೇಲೆ ಕೈಗೆ ಕಟ್ಟದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಂದು ವಾಚನ್ನು ಎಡಗಡೆ ಇಟ್ಟಳು, ಫೈಲಿನ ಒಂದು ಪ್ರತಿ ಬೇರೆಡೆ ತೆಗೆದಿಟ್ಟಳು, ಬೀಗ ತೆಗೆದಳು. ವಿವರಗಳನ್ನು ನಾನು ಓದಿದೆ, ಅವಳು ತುಂಬಿದಳು. ‘ಸ್ಥಾಪನೆ ಮುಗಿಯಿತು’ ಎಂದು ಪರದೆಯ ಮೇಲೆ ಬಂತು. ಅಷ್ಟರಲ್ಲಿ ಜವಾನ ಬಂದು ಸೂಪರಿಂಟೆಂಡೆಂಟರು ಈಗಲೇ ಬರಹೇಳಿದ್ದಾರೆ ಎಂದ.

“ಬಂದು ಹಾಕ್ತೀನಿ, ಮುಟ್ಟಬೇಡ,” ಎಂದು ನನಗೆ ಹೇಳಿ ಹೋದಳು.

ಅವಳು ಮೆಟ್ಟಿಲು ಹತ್ತುವ ಹೊತ್ತಿಗೆ ಶಿಶುಕೇಂದ್ರದಿಂದ ಫೋನ್ ಬಂತು. ಜ್ವರ ನೂರಾಮೂರು. ಔಷಧಿ ಈಗಷ್ಟೇ ಕೊಟ್ಟಿದ್ದೇವೆ, ಹೊತ್ತು ನೋಡಿಕೊಳ್ಳಿ, ಆರು ತಾಸು ಆಗದೆ ಇನ್ನೊಮ್ಮೆ ಕೊಡಬೇಡಿ ಎಂದರು. ಅಷ್ಟು ಕೇಳಿಸಿತು, ಫೋನು ಸತ್ತಿತು. ಚಾರ್ಜ್ ಮುಗಿದಿತ್ತು. ಹೊತ್ತು ನೋಡಿಕೊಳ್ಳಿ ಎಂಬುದೊಂದೇ ತಲೆಯಲ್ಲಿ ಉಳಿಯಿತು. ಮೇಜಿನ ಮೇಲೆ ವಾಚು ಕಂಡಿತು. ಎತ್ತಿಕೊಂಡು ಓಡಿದೆ.

ಅದರ ಅರ್ಥ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ನೋಡಿದೆ, ಆಗುವುದಿಲ್ಲ. ಆ ಕ್ಷಣಕ್ಕೆ ಅದು ಬರೀ ವಾಚಾಗಿತ್ತು.

ಮೂರು ದಿನ ಮನೆಯಲ್ಲೇ ಇದ್ದೆ. ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿ ಔಷಧಿಯ ಹೊತ್ತು ಬರೆದೆ. ಎರಡು ಹತ್ತು, ಎಂಟು ಹತ್ತು. ಗಂಡ “ಫೋನಲ್ಲೇ ಗಂಟೆ ಇದೆಯಲ್ಲ, ಇದ್ಯಾರ ವಾಚು?” ಎಂದ. “ಚಿಕ್ಕಮ್ಮಂದು,” ಎಂದೆ. ಹೇಳಿಯೂ ನೆನಪಾಗಲಿಲ್ಲ. ಚಿಕ್ಕಮ್ಮ ದಿನವೂ ಫೋನ್ ಮಾಡಿ ಜ್ವರ ಎಷ್ಟು, ಹಾಲು ಕುಡಿದಳಾ ಎಂದಷ್ಟೇ ಕೇಳುತ್ತಿದ್ದಳು. ಅವಳ ವಾಚು ಕಳೆದುಹೋಗಿತ್ತು. ಬಸ್ಸಿನಲ್ಲಿ ಚೀಲದಿಂದ ಬಿದ್ದಿರಬೇಕು ಎಂದುಕೊಂಡಿದ್ದಳು. ಜ್ವರದ ಕೂಸು ತೊಡೆಯ ಮೇಲಿರುವವಳಿಗೆ ಅದನ್ನೇನು ಹೇಳುವುದು ಎಂದು ಹೇಳಿರಲಿಲ್ಲ.

ಮಂಗಳವಾರ ಅವಳು ಮಹಡಿಯಿಂದ ಇಳಿದು ಬಂದಾಗ ಸಂಜೆಯಾಗಿತ್ತು, ಹೋಗುವಾಗ ನನಗೆ ಹೇಳಿದ ಮಾತು ಮರೆತಿತ್ತು. ಕೀಬೋರ್ಡಿನ ಎಡಗಡೆ ಖಾಲಿಯಿತ್ತು. ಬೀಗ ಹಾಕಿಯೇ ಹೋಗಿದ್ದೇನೆ, ವಾಚು ಚೀಲದಲ್ಲಿದೆ ಎಂದುಕೊಂಡಳು. ಪರದೆ ಆರಿಸಿ ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಸಮಯ ಕಾದಿರಿಸುವ ಪುಟ ಒತ್ತಿದರೆ ಜೂಜಿನ ಪುಟ ತೆರೆದುಕೊಂಡಿತು. ಯಾರೋ ಸ್ಥಾಪನೆಯ ಪುಟದಿಂದ ಒಳಬಂದು ಫೈಲನ್ನು ಹೊಸದಾಗಿ ಬರೆದಿದ್ದರು. ಹಿಂದಿನ ದಿನ ಕಾದಿರಿಸಿದ ಎಪ್ಪತ್ತು ಚಿಲ್ಲರೆ ತಾಯಂದಿರ ಹೆಸರು ಎಲ್ಲಿಯೂ ಇರಲಿಲ್ಲ. ಅವರೆಲ್ಲ ಮಕ್ಕಳನ್ನು ಎತ್ತಿಕೊಂಡು ಗೇಟಿನವರೆಗೆ ಸಾಲಾಗಿ ನಿಂತಿದ್ದರಂತೆ. ಚಿಕ್ಕಮ್ಮ ತೆಗೆದಿಟ್ಟಿದ್ದ ಪ್ರತಿಯಿಂದ ಎರಡು ಗಂಟೆಯಲ್ಲಿ ಪುಟ ಸರಿಮಾಡಿದಳು. ಆಮೇಲೆ ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಸಾಲಿನಲ್ಲಿ ನಿಂತವರ ಹೆಸರು ಬರೆದುಕೊಂಡಳು. ಆಮೇಲೆ ಮೇಲೆ ಹೋಗಿ “ಬೀಗ ಹಾಕೋದು ನಾನು ಮರೆತೆ,” ಎಂದಳು.

ಇದೆಲ್ಲ ನನಗೆ ಸೋಮವಾರ ಆಯಾ ಹೇಳಿದ್ದು. ಕೋಣೆಗೆ ಹೋದೆ. ಚಿಕ್ಕಮ್ಮ ಕಪಾಟಿನಿಂದ ಪುಸ್ತಕ ಇಳಿಸುತ್ತಿದ್ದಳು. ನಾನು ವಾಚನ್ನು ಮೇಜಿನ ಮೇಲಿಟ್ಟೆ, ಎಲ್ಲಿಂದ ಎತ್ತಿದ್ದೆನೋ ಅಲ್ಲೇ.

ಅವಳು ವಾಚು ನೋಡಿದಳು. ನನ್ನನ್ನು ನೋಡಿದಳು. ಬಕೆಟ್ಟಿಗೆ ನೀರು ಬೀಳುತ್ತಿತ್ತು.

“ಜ್ವರ ಬಿಡ್ತಾ?” ಎಂದಳು.

“ಬಿಟ್ಟಿತು. ಔಷಧಿ ಹೊತ್ತು ನೋಡಿ ಬರೆದಿಡೋಕೆ ಅಂತ... ಚಿಕ್ಕಮ್ಮ, ನಾನು ಮೇಲೆ ಹೋಗಿ ಹೇಳ್ತೀನಿ.”

“ಏನಂತ? ಬೀಗದಮ್ಮ ಫೈಲ್ ನೋಡ್ದೆ ವಾಚ್ ನೋಡ್ತಾಳೆ ಅಂತಾನಾ? ನೆಟ್ಟಗೆ ಒಂದು ಆಜ್ಞೆ ಕೊಟ್ಟು ನೋಡಿದ್ರೆ ತೆರೆದಿದೆಯೋ ಮುಚ್ಚಿದೆಯೋ ಅದೇ ಹೇಳ್ತಿತ್ತು. ನಾನು ನೋಡ್ಲಿಲ್ಲ.”

“ಎತ್ಕೊಂಡು ಹೋಗಿದ್ದು ನಾನು.”

“ಹೂಂ,” ಎಂದಳು. ಇಲ್ಲ ಎನ್ನಲಿಲ್ಲ.

ಆದರೂ ನಾನು ಹೋಗಿ ಹೇಳಿದೆ. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಎರಡು ಸಲ ಕೇಳಿಸಿಕೊಂಡರು. “ವಾಚಿಗೂ ಸರ್ವರಿಗೂ ಏನಮ್ಮ ಸಂಬಂಧ?” ಎಂದರು. ನಾನು ವಿವರಿಸಿದಷ್ಟೂ ಅದು ಚಿಕ್ಕಮ್ಮನ ಮೇಲಿನ ದೂರಿನಂತೆಯೇ ಕೇಳುತ್ತಿತ್ತು. ಕೊನೆಗೆ ಅವರು, “ಹದಿನೇಳು ವರ್ಷ ಹೀಗೇ ನಡೀತಿತ್ತಾ?” ಎಂದರು. ಕಂಪನಿಯವರು ಗುರುವಾರ ಬರುತ್ತಾರೆ ಎಂದರು.

ಗುರುವಾರ ಕಂಪನಿಯಿಂದ ಬಂದ ಎಂಜಿನಿಯರ್ ಒಳ್ಳೆಯ ಹೆಂಗಸು. ಚಿಕ್ಕಮ್ಮ ವಾಚು ಬಿಚ್ಚಿ ಎಡಗಡೆ ಇಟ್ಟು, ಫೈಲಿನ ಬೀಗ ತೆಗೆದಳು. ಹಳೆಯ ಗುಪ್ತಪದದ ಜಾಗದಲ್ಲಿ ಎಂಜಿನಿಯರ್ ಹೊಸದನ್ನು ಬರೆದರು, ಚಿಕ್ಕಮ್ಮ ಮುಖ ಆಚೆ ತಿರುಗಿಸಿ ಕೂತಳು. ಎಂಜಿನಿಯರೇ ಬೀಗ ಹಾಕಿದರು. ಚಿಕ್ಕಮ್ಮ ಆಜ್ಞೆ ಕೊಟ್ಟು ಒಮ್ಮೆ ನೋಡಿದಳು. ಮುಚ್ಚಿತ್ತು.

“ಮುಗೀತು ಅಲ್ವಾ ಮೇಡಂ?” ಎಂದರು ಅವರು.

“ಮುಗೀತು.”

ಎದ್ದು ಹೊರಟಳು, ಇನ್ನು ಮುಂದೆ ಅವಳಿಗೆ ಕೆಲಸ ಕೊಟ್ಟಿದ್ದ ಹಳೆಯ ಕಡತಗಳ ಕೋಣೆಗೆ. ವಾಚು ಮೇಜಿನ ಮೇಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ, ಬಾಗಿಲ ತನಕ ಹೋಗಿ ಅವಳನ್ನು ಕರೆದೆ. ಅವಳು ಹಿಂದಿರುಗಿ ಬಂದು ತೆಗೆದುಕೊಂಡು, ಸಡಿಲ ಕೊಂಡಿಯನ್ನು ಹಲ್ಲಿನಿಂದ ಒತ್ತಿ ಕೈಗೆ ಕಟ್ಟಿಕೊಂಡಳು.

“ಇದು ಏಳು ನಿಮಿಷ ಮುಂದಿದೆ,” ಎಂದಳು. “ಔಷಧಿ ಹೊತ್ತು ಬರೆದಿಟ್ಟಿದ್ಯಲ್ಲ, ಅಷ್ಟು ಕಳೆದು ನೋಡ್ಕೋ.”