ಮಿಕ್ಸರ್ ರಿಪೇರಿಯ ವನಮಾಲಾ ಕಾರ್ಡ್ ಮೆಷಿನ್ ಆರಿಸಿದ್ದು

ನವಿ ಮುಂಬಯಿಯ ಐರೋಲಿಯ ಸೆಕ್ಟರ್ ಎಂಟರಲ್ಲಿ ವನಮಾಲಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ‘ಮಿಕ್ಸರ್‌ವಾಲಿ ಆಂಟಿ’ ಎಂದರೆ ಮಾತ್ರ ವಾಚ್‌ಮನ್ನನೇ ಎದ್ದು ಬಂದು ದಾರಿ ತೋರಿಸುತ್ತಿದ್ದ.

ಕಟಪಾಡಿಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು ಮಿಕ್ಸರ್ ರಿಪೇರಿಗೆ ಇಳಿದದ್ದಕ್ಕೆ ಒಂದು ಹಿನ್ನೆಲೆಯಿದೆ. ಠಾಣೆಯ ಒಂದು ಸರ್ವಿಸ್ ಸೆಂಟರಿನಲ್ಲಿ ಅವಳಿಗೆ ಗಿರಾಕಿಗಳ ದೂರು ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ಹಿಂದಿನ ಬೆಂಚಿನಲ್ಲಿ ಗದಗದ ಬಾಲಪ್ಪ ದಿನವಿಡೀ ಮೋಟರು ಬಿಚ್ಚುತ್ತಿದ್ದ. ಒಂದು ದಿನ ಅವನೇ ಕರೆದ. “ಬರೇ ಬರಕೋತ ಕುಂತ್ರ ಹೆಂಗ್ರೀ ಅಕ್ಕಾರ? ಬರ್ರಿ ಇಲ್ಲಿ, ಈ ಸ್ಕ್ರೂ ಸ್ವಲ್ಪ ಹಿಡೀರಿ.” ಹಾಗೆ ಸ್ಕ್ರೂ ಹಿಡಿದ ಕೈ ಎರಡು ವರ್ಷದಲ್ಲಿ ಕಾರ್ಬನ್ ಬ್ರಶ್ ಬದಲಿಸಲು, ಗ್ರೈಂಡರಿನ ಬೆಲ್ಟು ಏರಿಸಲು, ಜಾರಿನ ಬುಶ್ ಹಾಕಲು ಕಲಿಯಿತು. ಎರಡು ಸಾವಿರದ ಆರರಲ್ಲಿ ಸೆಂಟರು ಮುಚ್ಚಿದಾಗ ಉಳಿದವರು ಬೇರೆ ಕೆಲಸ ಹುಡುಕಿದರು. ವನಮಾಲಾ ಒಂದು ಕ್ಯಾನ್ವಾಸ್ ಚೀಲ ಹೊಲಿಸಿಕೊಂಡು ಮನೆಮನೆಗೆ ಹೊರಟಳು.

ಗಂಡಸರು ಕೆಲಸಕ್ಕೆ ಹೋದ ಮೇಲೆ ಒಂಟಿಯಾಗಿರುವ ಗೃಹಿಣಿಯರಿಗೆ ಹೆಣ್ಣು ಮೆಕ್ಯಾನಿಕ್ ಬರುತ್ತಾಳೆಂದರೆ ಎಷ್ಟು ಸಮಾಧಾನವೆಂದು ಅವಳೇ ಊಹಿಸಿರಲಿಲ್ಲ. ಕೆಲಸ ಹೆಚ್ಚಾಗಿ ಘನ್ಸೋಲಿಯ ಪುಷ್ಪಾವತಿಯನ್ನೂ ಜೊತೆಗೆ ಸೇರಿಸಿಕೊಂಡಳು. ಟ್ರಾನ್ಸ್-ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ, ಮಹಿಳೆಯರ ಡಬ್ಬಿಯಲ್ಲಿ ಇಬ್ಬರೂ ಚೀಲಗಳನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತರೆ ವಾಶಿಯವರೆಗೆ ನಗುವೇ ನಗು.

ಎರಡು ಸಾವಿರದ ಹದಿನಾಲ್ಕರ ಒಂದು ಶನಿವಾರ ಸಾನಪಾಡಾದಿಂದ ಅಪರ್ಣಾ ಎಂಬ ಹೊಸ ಗಿರಾಕಿ ಫೋನ್ ಮಾಡಿದಳು. ಬೆಂಗಳೂರಿನ ಹುಡುಗಿ, ಐಟಿ ಕಂಪನಿಯಲ್ಲಿ ಕೆಲಸ. ಮರುದಿನ ಅತ್ತೆ ಮಾವ ಬರುವವರು; ನೆನೆಸಿದ ಉದ್ದು ಪಾತ್ರೆಯಲ್ಲಿ, ಗ್ರೈಂಡರು ಮಾತ್ರ ಮಾತಾಡುತ್ತಿಲ್ಲ. ವನಮಾಲಾ ಹೋಗಿ ಅರ್ಧ ಗಂಟೆಯಲ್ಲಿ ಅದನ್ನು ತಿರುಗಿಸಿಬಿಟ್ಟಳು.

ಅಪರ್ಣಾ ಪರ್ಸ್ ತೆರೆದು ನಾಲಗೆ ಕಚ್ಚಿಕೊಂಡಳು. “ಅಯ್ಯೋ, ಕ್ಯಾಶೇ ಇಲ್ಲ ಆಂಟಿ. ಕಾರ್ಡ್ ತಗೋತೀರಾ?”

“ಕಾರ್ಡ್ ಎಲ್ಲಿಗೆ ತುರುಕುವುದು ಮಗಾ, ಈ ಗ್ರೈಂಡರಿಗಾ?” ವನಮಾಲಾ ನಕ್ಕಳು. “ಪರ್ವಾಗಿಲ್ಲ, ಮುಂದಿನ ಸಲ ಕೊಡು.”

ಅಪರ್ಣಾ ಒಪ್ಪಲಿಲ್ಲ. “ಐದೇ ನಿಮಿಷ, ಕೆಳಗೇ ಎಟಿಎಂ ಇದೆ,” ಎಂದು ಓಡಿದವಳು ನಲವತ್ತು ನಿಮಿಷವಾದರೂ ಬರಲಿಲ್ಲ. ಕೆಳಗಿನ ಎಟಿಎಂ ಖಾಲಿ, ಪಕ್ಕದ್ದು ಬಂದ್, ಕಡೆಗೆ ಸ್ಟೇಷನ್ನಿನ ತನಕ ನಡೆಯಬೇಕಾಯಿತು. ಬೆವರಿಳಿಸುತ್ತ ಮರಳಿದಾಗ ವನಮಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಉದ್ದೆಲ್ಲ ಅರೆದು, ಹಿಟ್ಟನ್ನು ಪಾತ್ರೆಗೆ ಬಗ್ಗಿಸುತ್ತಿದ್ದಳು.

“ಸುಮ್ಮನೆ ಕೂತು ಎಂತ ಮಾಡುವುದು? ಮೋಟರು ಬಿಸಿ ಆಗ್ತದಾ ಅಂತಲೂ ನೋಡಿದ ಹಾಗಾಯ್ತು,” ಎಂದಳು. ಇಬ್ಬರೂ ನಕ್ಕದ್ದೇ ನಕ್ಕದ್ದು. ಆದರೆ ಅಷ್ಟರಲ್ಲಿ, ಅಲ್ಲಿಂದ ಹೋಗಬೇಕಿದ್ದ ಕೋಪರ್‌ಖೈರಣೆಯ ಕೆಲಸ ತಪ್ಪಿಹೋಗಿತ್ತು. ಆ ತಿಂಗಳಲ್ಲಿ ಇಂಥದ್ದು ಮೂರನೆಯ ಸಲ. ರೈಲಿನಲ್ಲಿ ಕೂತಾಗಲೇ ಅವಳು ತೀರ್ಮಾನಿಸಿದಳು: ಕಾರ್ಡಿಗೆ ಏನಾದರೂ ವ್ಯವಸ್ಥೆ ಆಗಲೇಬೇಕು.

ಗಂಡ ಯಜ್ಞೇಶ್ವರನಿಗೆ ಇದು ರುಚಿಸಲಿಲ್ಲ. ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನು. ನೋಟು ಮುಟ್ಟಿದರೇ ಅವನಿಗೆ ವ್ಯಾಪಾರವಾದಂತೆ.

“ನೂರು ರೂಪಾಯಿಗೆ ಎರಡು ರೂಪಾಯಿ ಆ ಮೆಷಿನ್ನಿನವರಿಗೆ ಯಾಕೆ ಕೊಡಬೇಕು ಮಾರಾಯ್ತಿ?”

“ಕೋಪರ್‌ಖೈರಣೆಯ ಕೆಲಸ ಪೂರ್ತಿ ಹೋಯ್ತಲ್ಲ, ಅದಕ್ಕೆ ನೀವು ಎಷ್ಟು ಕೊಡ್ತೀರಿ?” ಎಂದು ವನಮಾಲಾ ಕೇಳಿದಳು. ಅವನು ಪೇಪರು ಬಿಡಿಸಿಕೊಂಡ.

ಮೊದಲು ಅವಳು ತನ್ನ ಖಾತೆಯಿದ್ದ ಬ್ಯಾಂಕಿಗೆ ಹೋದಳು. ಅಂಗಡಿಗಳಲ್ಲಿರುವಂಥ ದೊಡ್ಡ ಮೆಷಿನ್ ಕೊಡುತ್ತೇವೆಂದರು. ಕೆಲಸವಿರಲಿ ಬಿಡಲಿ, ತಿಂಗಳ ಬಾಡಿಗೆ ಕಟ್ಟಬೇಕು. ಜೊತೆಗೆ ಅಂಗಡಿಯ ಬೋರ್ಡಿನ ಫೋಟೊ ಬೇಕು. ಮಳೆಗಾಲದಲ್ಲಿ ಅವಳಿಗೆ ಕೆಲಸ ಕಡಿಮೆ, ದೀಪಾವಳಿಯ ಮುಂಚೆ ಊಟಕ್ಕೂ ಬಿಡುವಿಲ್ಲ. ಬಾಡಿಗೆಗೆ ಆ ಲೆಕ್ಕ ಗೊತ್ತಿಲ್ಲ. ಬೋರ್ಡಂತೂ ಇಲ್ಲವೇ ಇಲ್ಲ.

ಎರಡನೆಯದು, ಗಿರಾಕಿಯ ಮೊಬೈಲಿಗೆ ಲಿಂಕ್ ಕಳಿಸಿ ಹಣ ತರಿಸಿಕೊಳ್ಳುವುದು. ಮೆಷಿನ್ನೇ ಬೇಡ ಎಂದು ಖುಷಿಯಿಂದ ನಾಲ್ಕು ಮನೆಗಳಲ್ಲಿ ಪ್ರಯತ್ನಿಸಿದಳು. ಒಬ್ಬ ಹಿರಿಯರು ಕನ್ನಡಕ ಹುಡುಕಿ, ಹದಿನಾರು ಅಂಕಿ ಒತ್ತಿ, ಒಂದು ತಪ್ಪಾಗಿ, ಮತ್ತೆ ಮೊದಲಿಂದ ಒತ್ತುವಷ್ಟರಲ್ಲಿ ನೆಟ್‌ವರ್ಕೇ ಹೋಯಿತು. ಇನ್ನೊಬ್ಬಾಕೆ, “ಇದು ಎಂಥದೋ ಮೋಸದ ಮೆಸೇಜು,” ಎಂದು ಅವಳೆದುರೇ ಅಳಿಸಿಹಾಕಿದಳು.

ಮೂರನೆಯದು ಸೋಪಿನ ಡಬ್ಬಿಯಷ್ಟು ಚಿಕ್ಕ ಯಂತ್ರ. ಮೊಬೈಲಿನ ಜೊತೆ ತಂತಿಯಿಲ್ಲದೆ ಹೊಂದಿಕೊಳ್ಳುತ್ತದೆ, ಮೇಲೆ ಪಿನ್ ಒತ್ತಲು ಗುಂಡಿಗಳು. ಅದನ್ನು ಮಾರುವ ಕಂಪನಿಯಿಂದ ಮನೀಷ್ ಎಂಬವನು ಪರಿಶೀಲನೆಗೆ ಬಂದ. ಮನೆತನ ಉಡುಪಿಯದು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ದುಕಾನ್ ಕಿಧರ್ ಹೈ ಆಂಟಿ? ದೇಖ್‌ನಾ ಪಡೇಗಾ.”

“ಅಂಗಡಿ ನೋಡಬೇಕಾ? ನಾಳೆ ಹತ್ತು ಗಂಟೆಗೆ ಐರೋಲಿ ಸ್ಟೇಷನ್ನಿಗೆ ಬಾ. ತೋರಿಸ್ತೇನೆ.”

ಮರುದಿನ ಅವನು ಬಂದ. ವನಮಾಲಾ ಅವನನ್ನು ರಬಾಳೆಯಲ್ಲಿ ಇಳಿಸಿ ಮೂರನೆಯ ಮಹಡಿ ಹತ್ತಿಸಿದಳು, ಅಲ್ಲಿಂದ ತುರ್ಭೆಯ ಒಂದು ಮನೆಗೆ ಕರೆದೊಯ್ದಳು. ಎರಡೂ ಕಡೆ ಅಡುಗೆಮನೆಯ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಮಿಕ್ಸರ್ ಬಿಚ್ಚಿ, ಜೋಡಿಸಿ, ಓಡಿಸಿ ತೋರಿಸಿದಳು. ಮನೆಯಾಕೆ ಇಬ್ಬರಿಗೂ ಚಹಾ ಕೊಟ್ಟಳು.

“ಇದೇ ನನ್ನ ಅಂಗಡಿ,” ಎಂದಳು ವನಮಾಲಾ ಬೆಡ್‌ಶೀಟು ಮಡಚುತ್ತ. “ದಿನಕ್ಕೆ ಐದಾರು ಕಡೆ ತೆರೀತದೆ.”

ಮನೀಷ್ ನಗುತ್ತ ಅವಳ ಫೋಟೊ ತೆಗೆದ. ಆದರೆ ಸಹಿ ಹಾಕುವ ಮುಂಚೆ ಪ್ರಶ್ನೆ ಕೇಳುವ ಸರದಿ ಅವಳದಾಯಿತು. ಕೆಲಸವೇ ಇಲ್ಲದ ತಿಂಗಳು ಎಷ್ಟು ಕಡಿತ? ಏನೂ ಇಲ್ಲ. ಹಣ ಖಾತೆಗೆ ಯಾವಾಗ? ಮಾರನೆಯ ದಿನ, ಭಾನುವಾರ ಬಿಟ್ಟು. ಕಾರ್ಡು ಗಿರಾಕಿಯ ಕೈಯಲ್ಲೇ ಇರುತ್ತದಾ? ಹೌದು, ಅವರೇ ಹಾಕಿ ಅವರೇ ತೆಗೆಯಬಹುದು. ಕಡೆಗೆ ಪುಷ್ಪಾವತಿಯನ್ನು ಕೂರಿಸಿ ಯಂತ್ರ ಕೈಗಿಟ್ಟಳು. ಇಂಗ್ಲಿಷ್ ಓದಲು ಬಾರದ ಪುಷ್ಪಾವತಿ ಹಸಿರು ಗುಂಡಿ, ಕೆಂಪು ಗುಂಡಿ ನೋಡಿಕೊಂಡು ಮೂರನೆಯ ಸಲಕ್ಕೆ ಸರಿಯಾಗಿ ಒತ್ತಿದಳು. “ಮಿಕ್ಸರಿಗಿಂತ ಸುಲಭ ಉಂಟು ಅಕ್ಕ!” ಅಲ್ಲಿಗೆ ಆಯ್ಕೆ ಮುಗಿಯಿತು.

ಫಾರ್ಮಿನಲ್ಲಿ ಒಂದು ಜಾಗ ಮಾತ್ರ ಖಾಲಿ ಉಳಿದಿತ್ತು. ವ್ಯಾಪಾರದ ಹೆಸರು. ಎಂಟು ವರ್ಷದಲ್ಲಿ ಅದಕ್ಕೊಂದು ಹೆಸರು ಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ. ಯಜ್ಞೇಶ್ವರ ಮೂರು ದೇವರ ಹೆಸರು ಸೂಚಿಸಿದ. ವನಮಾಲಾ ಪೆನ್ನು ಕಚ್ಚಿ ಕೂತವಳು ಒಂದೇ ಉಸಿರಿಗೆ ಬರೆದಳು: ವನಮಾಲಾ ಮಿಕ್ಸರ್ ಸರ್ವಿಸ್. ಬರೆದ ಮೇಲೆ ನಾಚಿಕೆಯಾಯಿತು, ಅಳಿಸಲು ಮನಸ್ಸಾಗಲಿಲ್ಲ.

ಹತ್ತು ದಿನ ಕಳೆದು ಅಪರ್ಣಾಳದೇ ಫೋನು. ಚಟ್ನಿ ಜಾರು ಸೋರುತ್ತಿತ್ತು. ಬುಶ್ ಬದಲಿಸಿದ ಮೇಲೆ ವನಮಾಲಾ ಕೈ ತೊಳೆದು, ಒರೆಸಿಕೊಂಡು, ಯಂತ್ರವನ್ನು ಹೊರತೆಗೆದಳು. ಅಪರ್ಣಾ ಕಾರ್ಡು ತೂರಿಸಿ ಪಿನ್ ಒತ್ತಿದಳು. ಇಬ್ಬರೂ ಉಸಿರು ಹಿಡಿದು ನಿಂತರು. ಅಪರ್ಣಾಳ ಮೊಬೈಲು ಕಿಣಿಗುಟ್ಟಿತು.

“ಆಂಟಿ, ನೋಡಿ ಇಲ್ಲಿ! ಬ್ಯಾಂಕಿನ ಮೆಸೇಜಲ್ಲಿ ನಿಮ್ಮ ಹೆಸರೇ ಬಂದಿದೆ!”

ವನಮಾಲಾ ಓದಿದಳು, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಓದಿದಳು. ರೇಷನ್ ಕಾರ್ಡು, ಲೈಟ್ ಬಿಲ್ಲು, ಸೊಸೈಟಿಯ ಬೋರ್ಡು, ಎಲ್ಲೆಲ್ಲೂ ಯಜ್ಞೇಶ್ವರನ ಹೆಸರೇ ಮುಂದೆ. ಇದರಲ್ಲಿ ಅವಳೊಬ್ಬಳೇ ಇದ್ದಳು.

ಆ ದೀಪಾವಳಿಯಲ್ಲಿ ಇಬ್ಬರೂ ಹಿಂದೆಂದೂ ಕಾಣದಷ್ಟು ಕೆಲಸ ಮಾಡಿದರು. ಜನವರಿಯ ಒಂದು ಸಂಜೆ ಮನೆಗೆ ಬಂದ ಯಜ್ಞೇಶ್ವರ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. “ನಮ್ಮ ಸೇಠ್ರಿಗೂ ಕಾರ್ಡ್ ಮೆಷಿನ್ ಬೇಕಂತೆ. ನಮ್ಮ ಮನೆಯವಳಿಗೆ ಎಲ್ಲ ಗೊತ್ತುಂಟು ಅಂತ ಹೇಳಿ ಬಂದೆ. ನಾಳೆ ಕಲ್ಯಾಣಕ್ಕೆ ಬರ್ತೀಯಾ?”

ಹೋಟೆಲಿನಲ್ಲಿ ಮಾಲೀಕ ಪುಂಡರೀಕಾಕ್ಷರು ಅವಳಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, “ನಿಮ್ಮದೇ ಕಂಪನಿಯ ಮೆಷಿನ್ ತರಿಸುವಾ?” ಎಂದರು.

“ಬೇಡ ಧಣಿ,” ಎಂದಳು ವನಮಾಲಾ. “ನಾನು ತಿರುಗುವವಳು, ನನಗೆ ಅದು ಸರಿ. ನಿಮ್ಮದು ಕೂತ ವ್ಯಾಪಾರ, ದಿನವೂ ಗಿರಾಕಿ ಉಂಟು. ನೀವು ಬ್ಯಾಂಕಿನ ದೊಡ್ಡದೇ ತಗೊಳ್ಳಿ. ಬಾಡಿಗೆ ಕೊಟ್ಟರೂ ಕಡಿತ ಕಡಿಮೆ ಮಾಡಿಸಬಹುದು. ಒಂದೇ ಬ್ಯಾಂಕಿಗೆ ಹೋಗಬೇಡಿ, ಮೂರು ಕಡೆ ಕೇಳಿ.”

ಪುಂಡರೀಕಾಕ್ಷರು ಯಜ್ಞೇಶ್ವರನ ಕಡೆ ತಿರುಗಿದರು. “ಎಂತ ಮಾರಾಯ, ಇಷ್ಟು ವರ್ಷ ಇವರನ್ನು ಐರೋಲಿಯಲ್ಲೇ ಇಟ್ಟುಕೊಂಡಿದ್ದೀಯಲ್ಲ! ಇವತ್ತು ಗಲ್ಲಾ ನಾನು ನೋಡ್ತೇನೆ. ನೀನು ಹೋಗಿ ಅವರೆದುರು ಕೂತುಕೋ.”

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಯಜ್ಞೇಶ್ವರ ಆ ಹೋಟೆಲಿನಲ್ಲಿ ಗಿರಾಕಿಯ ಮೇಜಿಗೆ ಕೂತ. ಮಾಣಿ ಬಿಸಿಬಿಸಿ ಗೋಳಿಬಜೆಯ ಎರಡು ತಟ್ಟೆ ತಂದಿಟ್ಟ. ಅವನು ತನ್ನ ತಟ್ಟೆಯಿಂದ ಒಂದನ್ನೆತ್ತಿ ಅವಳ ತಟ್ಟೆಗೆ ಹಾಕಿ, ಚಟ್ನಿಯ ಬಟ್ಟಲನ್ನು ಅವಳ ಕಡೆ ಸರಿಸಿದ.