ಶೇವಂತಾ ಕೇಳುವ ನಾಲ್ಕನೇ ಖಾನೆ

ಕಮಲಾಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಮುಖ ಕಾಣದಷ್ಟು ಮಬ್ಬು. ಕಲಬುರಗಿಯ ಮೊದಲ ಬಸ್ಸು ಬಂದು ನಿಂತಾಗ ಶೇವಂತಾ ಮೊದಲು ಹತ್ತಿಸುವುದು ತಮ್ಮ ಎರಡು ಕ್ಯಾನುಗಳನ್ನು. ಒಂದೊಂದರಲ್ಲಿ ಹತ್ತು ಲೀಟರ್ ಬಾವಿ ನೀರು. ಅವನ್ನು ಸೀಟಿನ ಕೆಳಗೆ ತಳ್ಳಿ, ಅಲುಗದಂತೆ ಕಾಲುಗಳ ನಡುವೆ ಒತ್ತಿ ಹಿಡಿದ ಮೇಲೆಯೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅಕ್ಕಾ, ನಿನಗ ಫ್ರೀ ಅದ, ನೀರಿಗಿಲ್ಲ. ನೀರಿನ ಆಧಾರ ಕಾರ್ಡ ತೋರ್ಸು," ಎನ್ನುತ್ತಾನೆ ಕಂಡಕ್ಟರ್.

"ಇಕಿನೂ ಹೆಣಮಗಳೇ ತಮ್ಮಾ, ಗಂಗವ್ವ. ಸುಮ್ನ ಚೀಟಿ ಹರಿ."

ಪ್ರತಿ ಭಾನುವಾರ ಇದೇ ಪ್ರಶ್ನೆ, ಇದೇ ಉತ್ತರ. ಇಬ್ಬರಿಗೂ ಬೇಸರ ಬಂದಂತೆ ಕಾಣುವುದಿಲ್ಲ.

ಏಳು ಗಂಟೆಗೆಲ್ಲ ಆ ನೀರು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಒಂದು ಮನೆಯ ಮಹಡಿ ಏರಿರುತ್ತದೆ. ಇಪ್ಪತ್ಮೂರು ಮೆಟ್ಟಿಲು. ಮೇಲೆ ಎರಡು ಕೋಣೆ: ಒಂದರಲ್ಲಿ ಆರು ಕುಕ್ಕರು, ಇನ್ನೊಂದರಲ್ಲಿ ಉದ್ದನೆಯ ಮೇಜು. ಇನ್ನೂರು ಗ್ರಾಂ ತೊಗರಿ ಬೇಳೆಗೆ ಆರುನೂರು ಮಿಲಿಲೀಟರ್ ನೀರು. ಉಪ್ಪಿಲ್ಲ, ಅರಿಶಿನವಿಲ್ಲ, ಎಣ್ಣೆಯ ಹನಿಯೂ ಇಲ್ಲ. ಇಲ್ಲಿನ ನೀರನ್ನು ಬಿಟ್ಟು ಕಮಲಾಪುರದಿಂದಲೇ ಹೊತ್ತು ತರುವುದೇಕೆ ಎಂದು ಕೇಳಿದರೆ ಶೇವಂತಾ ಕುಕ್ಕರಿನ ಮುಚ್ಚಳ ತಿರುಗಿಸುತ್ತಲೇ ಉತ್ತರಿಸುತ್ತಾರೆ: "ಇಲ್ಲಿ ಬೋರಿನ ನೀರಾಗ ಬ್ಯಾಳಿ ಹಠ ಮಾಡ್ತದ್ರೀ. ಎಷ್ಟ ಸೀಟಿ ಹೊಡದ್ರೂ ಕಣ್ಣ ಬಿಟಕೊಂಡೇ ಕುಂದರ್ತದ. ಆಮ್ಯಾಲ ತಪ್ಪು ನೀರಿಂದೋ ಬ್ಯಾಳಿದೋ ಹ್ಯಾಂಗ ಗೊತ್ತಾಗಬೇಕು?"

ಇದು 'ತೊಗರಿ ರುಚಿ ಬಳಗ'ದ ಅಡುಗೆಮನೆ. ತಮ್ಮ ಬೇಳೆ ಹೇಗಿದೆ ಎಂದು ಮುಖ ನೋಡದೆ ಹೇಳುವವರು ಬೇಕೆನ್ನುವ ರೈತರು, ಸಣ್ಣ ಮಿಲ್ಲಿನವರು ಇಲ್ಲಿಗೆ ಚೀಲ ತರುತ್ತಾರೆ. ಭಾನುವಾರ ಪರೀಕ್ಷಕರು ಸೇರಿ, ಬೇಯಿಸಿದ ಬೇಳೆಯನ್ನು ಸ್ಟೀಲ್ ಬಟ್ಟಲುಗಳಲ್ಲಿ ಸವಿದು, ಅಂಕ ಕೊಟ್ಟು, ಸಹಿ ಹಾಕುತ್ತಾರೆ. ಬಟ್ಟಲಿನ ಮೇಲೆ ಮೂರಂಕಿಯ ಗುರುತು ಬಿಟ್ಟರೆ ಬೇರೇನೂ ಇರುವುದಿಲ್ಲ. ಬಣ್ಣ ನೋಡಿ ಯಾರೂ ಮೋಸ ಹೋಗಬಾರದೆಂದು ದೀಪಕ್ಕೆ ಕೆಂಪು ಕಾಗದ ಸುತ್ತಿದ್ದಾರೆ. ನಡುನಡುವೆ ಬಾಯಿ ತೊಳೆಯಲು ಬೆಚ್ಚನೆಯ ನೀರು, ಒಂದು ಹಿಡಿ ಚುರಮುರಿ. ಪರೀಕ್ಷಕರು ಹತ್ತೊಂಬತ್ತು ಜನ. ನಿವೃತ್ತ ಹೆಡ್‌ಮಾಸ್ತರರು, ಔಷಧಿ ಅಂಗಡಿಯವರು, ಗೃಹಿಣಿಯರು. ಯಾರೂ ಸಂಬಳಕ್ಕೆ ಬರುವವರಲ್ಲ, ಆದರೆ ಎಲ್ಲರೂ ಪರೀಕ್ಷೆ ಪಾಸಾದವರು.

ಅವರಿಗೆಲ್ಲ ಬಟ್ಟಲು ಜೋಡಿಸಿಕೊಡುವ ಶೇವಂತಾ ಮಾತ್ರ ಪಾಸಾದವರಲ್ಲ. ಈ ಜನವರಿಯವರೆಗೆ ಅವರು ಪರೀಕ್ಷೆಗೆ ಕೂತಿರಲೇ ಇಲ್ಲ.

ಐವತ್ತೆರಡು ವರ್ಷದ ಶೇವಂತಾ ಹದಿನೆಂಟು ವರ್ಷ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸಿದವರು. ಕಲ್ಲು, ಕರಿಕಾಳು, ಹುಳುಕು ಕೈಗೆ ಸಿಗುತ್ತಿದ್ದವು. ಕೈಗೆ ಸಿಗದ್ದನ್ನು ಹಲ್ಲು ಹೇಳುತ್ತಿತ್ತು. ಕಾಳನ್ನು ಮುಂಬಲ್ಲಿನಲ್ಲಿ ಕಡಿದಾಗ ಬರುವ ಸದ್ದಿನಿಂದಲೇ ಅದು ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲರು. "ಕಟಕ್ ಅಂದ್ರ ಒಣಗ್ಯಾದ. ಸುಮ್ನ ಮುರದ್ರ ಇನ್ನೂ ಎರಡ ದಿನ ಬಿಸಲ ಬೇಕು. ಸೇಠಜಿ ಹಸಿ ಅಳಿಯೂ ಮಶೀನ ನೋಡೂದಕ್ಕಿಂತ ಮದಲ ನನ್ನ ಕರೀತಿದ್ರು," ಎನ್ನುತ್ತಾರೆ. ಕೊನೆಗೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಮಶೀನು ಬಂತು. ಇಪ್ಪತ್ತೆರಡು ಹೆಂಗಸರು ಮನೆಗೆ ಹೋದರು.

ಅದೇ ಮಿಲ್ಲಿಗೆ ಮಾದರಿ ಒಯ್ಯಲು ಬರುತ್ತಿದ್ದ ಮೌನೇಶ ಅವರು ಅಷ್ಟರಲ್ಲಿ ಆಹಾರ ಪ್ರಯೋಗಾಲಯದ ಕೆಲಸದಿಂದ ನಿವೃತ್ತರಾಗಿ ಈ ಬಳಗ ಕಟ್ಟುತ್ತಿದ್ದರು. ಅಡುಗೆಗೆ ಯಾರು ಎಂಬ ಪ್ರಶ್ನೆ ಬಂದಾಗ ಅವರಿಗೆ ಶೇವಂತಾ ನೆನಪಾದರು. ಅದಕ್ಕೀಗ ನಾಲ್ಕು ವರ್ಷ.

ಕುಕ್ಕರ್ ಇಳಿಸಿದ ಮೇಲೆ ಪ್ರತಿ ಪಾತ್ರೆಯಿಂದ ಒಂದು ಚಮಚ ಶೇವಂತಾ ಅವರ ಅಂಗೈಗೆ ಬೀಳುತ್ತದೆ. ಬೆಂದಿದೆಯೇ ಎಂದು ನೋಡುವುದಷ್ಟೇ ಅವರ ಕೆಲಸ. ಆದರೆ ನಾಲಿಗೆ ಅಲ್ಲಿಗೇ ನಿಲ್ಲುವುದಿಲ್ಲ. ಇದರಲ್ಲಿ ಹೋದ ವರ್ಷದ ಬೇಳೆ ಸೇರಿದೆ, ಇದು ಮಳೆಗೆ ಸಿಕ್ಕು ಒಣಗಿದ್ದು, ಇದು ಕರಿಮಣ್ಣಿನದು ಎಂದು ಕಟ್ಟೆ ಒರೆಸುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಆ ಮಾತು ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಕಾಗದದ ಮೇಲೆ ಸಹಿ ಮಾಡುವವರು ಆಚೆ ಕೋಣೆಯಲ್ಲಿರುತ್ತಾರೆ.

ಆಚೆ ಕೋಣೆಯಿಂದ ಈಚೆಗೆ ಬಂದ ಪ್ರಶ್ನೆಯೊಂದನ್ನು ಅವರು ನಗುತ್ತಲೇ ನೆನೆಯುತ್ತಾರೆ. "ಒಬ್ರು ಹಿರೇರು, ಅಡಿಗಿ ಯಾರದು ಅಂತ ಕೇಳಿದ್ರು. ಹೆಸರ ಹೇಳಿದ್ನಿ. ಊರ ಕೇಳಿದ್ರು, ಹೇಳಿದ್ನಿ. ಊರಾಗ ಯಾವ ಓಣಿ ಅಂದ್ರು. ಅದನ್ನೂ ಹೇಳಿದ್ನಿ. ಮುಂದಿನ ಐತಾರದಿಂದ ಬರಲಿಲ್ಲ. ಅವರ ನಾಲಿಗಿ ಭಾಳ ಛಲೋ ಇತ್ತ್ರೀ. ಬಳಗಕ್ಕ ಲುಕ್ಸಾನ."

ಪರೀಕ್ಷಕರಾಗುವವರ ಪರೀಕ್ಷೆ ಹೇಗಿರಬೇಕು ಎಂಬ ಜಗಳ ಬಳಗದಷ್ಟೇ ಹಳೆಯದು. ಐವತ್ತು ಅಂಕದ ಬರಹ: ತಳಿ, ಮಣ್ಣು, ಸಂಗ್ರಹ, ರೋಗ. ಆಮೇಲೆ ರುಚಿಯ ಹತ್ತು ಸುತ್ತು. ಪ್ರತಿ ಸುತ್ತಿಗೆ ಮೂರು ಬಟ್ಟಲು. ಎರಡರಲ್ಲಿ ಒಂದೇ ಬೇಳೆ, ಒಂದರಲ್ಲಿ ಬೇರೆ. ಉತ್ತರ ಪತ್ರಿಕೆಯಲ್ಲಿ ಬಟ್ಟಲಿಗೊಂದು ಚೌಕದಂತೆ ಮೂರು ಖಾನೆ; ಬೇರೆಯದರ ಖಾನೆಗೆ ಗುರುತು ಹಾಕಿ ಕಾರಣ ಬರೆಯಬೇಕು. ಹತ್ತರಲ್ಲಿ ಏಳು ಸರಿಯಾದರೆ ಪ್ರಮಾಣಪತ್ರ. ಮೋಮಿನಪುರದಲ್ಲಿ ಮದುವೆಗಳಿಗೆ ಬೇಳೆ-ಮಾಂಸದ ದಾಲ್ಚಾ ಮಾಡಿಕೊಡುವ ಲತೀಫಾ ಎರಡು ವರ್ಷದ ಹಿಂದೆ ಪಾಸಾದವರು. ಬರಹದ ಭಾಗವೇ ಬೇಡವೆಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಾರೆ: "ಬ್ಯಾಳಿ ತಿನ್ನಾಕ ಪೆನ್ನು ಯಾಕ ಬೇಕು ಸಾಬ್? ನಮ್ಮ ಅಮ್ಮಿಗಿ ಅಲಿಫ್ ಅಕ್ಷರಾನೂ ಬರ್ತಿದ್ದಿಲ್ಲ, ದೇಗಿನ ಮುಚ್ಚಳ ತೆಗೀದೇನೇ ಉಪ್ಪು ಹೇಳ್ತಿದ್ಳು." ಮೌನೇಶ ಅವರದು ಒಂದೇ ಉತ್ತರ: "ನಾಲಿಗಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಿಳಿಯೂ ಹಂಗ ಹೇಳಾಕ ಬರಬೇಕಲ್ಲ, ಲತೀಫಾಬಾಯಿ. ಇಲ್ಲಂದ್ರ ಅದು ನಿಮ್ಮ ರುಚಿ ಆತು. ಪರೀಕ್ಷಾ ಹ್ಯಾಂಗಾತು?"

ಶೇವಂತಾಗೆ ಅಡ್ಡ ಬಂದದ್ದು ಬರಹವಲ್ಲ. ಅವರು ಏಳನೇ ತರಗತಿ ಓದಿದವರು; ಬರಹದಲ್ಲಿ ಮೂವತ್ತೊಂದು ಅಂಕ ತೆಗೆದರು. ಅಡ್ಡ ಬಂದದ್ದು ಅವರ ಕೆಲಸವೇ. ಬಟ್ಟಲು ತುಂಬುವವರಿಗೆ ಉತ್ತರ ಗೊತ್ತಿರುತ್ತದೆ, ಹಾಗಾಗಿ ಅವರು ಕೂರುವಂತಿಲ್ಲ. ಅವರು ಕೂತರೆ ಬಟ್ಟಲು ತುಂಬುವವರಿಲ್ಲ. ಹೀಗೆ ನಾಲ್ಕು ವರ್ಷ ಕಳೆದವು. ಈ ಸಲ ತಾನು ಅಡುಗೆ ಮಾಡುವೆನೆಂದು ಲತೀಫಾ ಮುಂದೆ ಬಂದಾಗ, ಗೆಳತಿಗಾಗಿ ಗೆಳತಿ ಬೇಯಿಸಿದಳೆಂದು ಯಾರೂ ಆಡಬಾರದು ಎಂದು ಮೌನೇಶ ತಾವೇ ಕುಕ್ಕರು ಹಿಡಿದರು.

ತಯಾರಿಗೆಂದು ಶೇವಂತಾ ಮನೆಯಲ್ಲೂ ಮೂರು ಮೂರು ಬಟ್ಟಲು ಇಟ್ಟರು. ಕೆಂಪು ಬಾಳೆಯ ತೋಟದಲ್ಲಿ ದುಡಿಯುವ ಅವರ ಗಂಡ ಮಾಪಣ್ಣ ಇವತ್ತಿಗೂ ಆ ದಿನಗಳನ್ನು ಎತ್ತಿ ಆಡುತ್ತಾರೆ: "ಒಂದ ತಿಂಗಳ ಉಪ್ಪಿಲ್ಲದ ಬ್ಯಾಳಿ ತಿಂದೀನ್ರೀ. ದವಾಖಾನಿಗಿ ಹೋಗಿದ್ರೂ ಇದಕ್ಕಿಂತ ಛಲೋ ಊಟ ಹಾಕ್ತಿದ್ರು."

ಪರೀಕ್ಷೆಯ ದಿನ ಮೇಜಿಗೆ ಕೂತವರು ಹನ್ನೆರಡು ಜನ. ಏಳನೇ ಸುತ್ತಿನಲ್ಲಿ ಶೇವಂತಾ ಮೂರೂ ಬಟ್ಟಲು ಸವಿದು, ಬಾಯಿ ತೊಳೆದು, ಮತ್ತೆ ಸವಿಯುತ್ತಾರೆ. ಕಣ್ಣು ಮುಚ್ಚಿ ಮೂರನೇ ಸಲ. ಆಮೇಲೆ ಉತ್ತರ ಪತ್ರಿಕೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡುತ್ತಾರೆ. ಮೇಲ್ವಿಚಾರಣೆಗೆ ನಿಂತ ಲತೀಫಾ ಅವಸರಪಡಿಸುತ್ತಾರೆ.

"ಬರಿ ಅಕ್ಕಾ, ಟೈಮ್ ಆತು."

"ಬರೀಲಾಕ ಜಾಗಾ ಇಲ್ಲ ಆಪಾ."

"ಮೂರು ಖಾನೆ ಅವಲ್ಲ? ಒಂದರಾಗ ಗುರ್ತ ಹಾಕು. ತಿಳೀದಿದ್ರ ಅಂದಾಜಲೇ ಹಾಕು, ಖಾಲಿ ಬಿಡಬ್ಯಾಡ ಅಂತ ಮ್ಯಾಲೇ ಬರದಾದ."

ಶೇವಂತಾ ಮೂರೂ ಖಾನೆ ಖಾಲಿ ಬಿಟ್ಟು, ಕೆಳಗಿನ ಅಂಚಿನಲ್ಲಿ ಬರೆದರು: 'ಮೂರೂ ಒಂದೇ ಬ್ಯಾಳಿ.'

ಉಳಿದ ಹನ್ನೊಂದು ಜನ ಖಾನೆ ತುಂಬಿದ್ದರು. ನಾಲ್ವರಿಗೆ ಮೊದಲ ಬಟ್ಟಲು ಬೇರೆಯಾಗಿತ್ತು, ಐವರಿಗೆ ಎರಡನೆಯದು, ಇಬ್ಬರಿಗೆ ಮೂರನೆಯದು. ಎಲ್ಲರೂ ಕಾರಣ ಕೊಟ್ಟಿದ್ದರು: ತುಸು ಕಹಿ, ತುಸು ಜಿಗುಟು, ಹಸಿ ವಾಸನೆ. ಎರಡನೆಯದರಲ್ಲಿ ಹೊಗೆಯ ಸುಳಿವಿದೆ ಎಂದು ಬರೆದವಳು ನಾನು.

ಮೌನೇಶ ಅವರ ಉತ್ತರದ ಹಾಳೆಯಲ್ಲೂ ಎರಡನೆಯದೇ ಸರಿ ಎಂದಿತ್ತು. ಶೇವಂತಾಗೆ ಆ ಸುತ್ತಿಗೆ ಸೊನ್ನೆ, ಒಟ್ಟು ಆರು. ಫಲಿತಾಂಶ ಓದಿದಾಗ ಅವರು ವಾದಿಸಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಸರ್, ಏಳನೇದಕ್ಕ ಯಾವ ಡಬ್ಬಿ ತಗೊಂಡಿದ್ರಿ?"

"ಒಂದು ಕುಕ್ಕರಿಗೆ ಸ್ಟೀಲ್ ಡಬ್ಬಿ. ಇನ್ನೊಂದಕ್ಕ ಆ ಹಳೇ ಎಣ್ಣಿ ಡಬ್ಬಿ."

"ಎರಡೂ ಒಂದೇ ಚೀಲದ್ದರೀ. ಸ್ಟೀಲ್ ಡಬ್ಬಿ ತುಂಬಿತು, ಉಳದದ್ದು ಎಣ್ಣಿ ಡಬ್ಬಿಗಿ ಹಾಕೀನಿ. ನೀವು ಕೇಳಿದ್ರ ಹೇಳ್ತಿದ್ನಿ. ಅಡಿಗಿಮನಿಗಿ ಕಾಲ ಇಡಬ್ಯಾಡ ಅಂದಿದ್ರಿ."

ಮೌನೇಶ ಎದ್ದು ಹೋಗಿ ಎರಡೂ ಡಬ್ಬಿ ತಂದು, ಕಿಟಕಿಯ ಬೆಳಕಿನಲ್ಲಿ ಅಂಗೈಗೆ ಸುರಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಳಗದ ನಡಾವಳಿ ಪುಸ್ತಕ ತರಿಸಿ, ತಪ್ಪು ತಮ್ಮದೆಂದು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು.

ಸಭೆ ಎರಡು ತಾಸು ನಡೆಯಿತು. ತಪ್ಪು ಪ್ರಶ್ನೆಗೆ ಸರಿ ಉತ್ತರ ಇರಲಾರದು, ಆದ್ದರಿಂದ ಸುತ್ತೇ ರದ್ದು ಎಂಬುದು ಮೌನೇಶ ಅವರ ವಾದ. ಲತೀಫಾ ಮೇಜು ಕುಟ್ಟಿದರು: "ಪ್ರಶ್ನಿನೇ ತಪ್ಪದ ಅಂತ ಹನ್ನೆರಡ ಮಂದ್ಯಾಗ ಹೇಳಿದಾಕಿ ಇಕಿ ಒಬ್ಬಾಕಿ. ಅದು ಉತ್ತರ ಅಲ್ಲೇನು?" ಏಳು ಜನರ ಸಮಿತಿಯಲ್ಲಿ ನಾಲ್ವರು ರದ್ದು ಎಂದರು, ಮೂವರು ಉತ್ತರವೆಂದರು. ಸುತ್ತು ರದ್ದಾಯಿತು. ಒಂಬತ್ತರಲ್ಲಿ ಆರು, ನೂರಕ್ಕೆ ಅರವತ್ತಾರು, ಬೇಕಾದದ್ದು ಎಪ್ಪತ್ತು. ಶೇವಂತಾ ಪಾಸಾಗಲಿಲ್ಲ. ಎರಡನೇ ಬಟ್ಟಲಿನಿಂದ ಏಳಕ್ಕೆ ಮುಟ್ಟಿದ್ದ ನಾನೂ ಆರಕ್ಕೆ ಇಳಿದೆ. ನನ್ನ ಆರು ಮತ್ತು ಅವರ ಆರು ಒಂದೇ ಅಲ್ಲವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮನಸ್ಸು ತಡೆಯದೆ ಸಮಿತಿಯವರು ಗೌರವ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಶೇವಂತಾ ಒಪ್ಪಲಿಲ್ಲ. ಯಾಕೆಂದು ಕೇಳಿದರೆ ಬಟ್ಟಲು ತೊಳೆಯುತ್ತಾ ಹೇಳುತ್ತಾರೆ: "ಗೌರವ ಅಂತ ಬರದ್ರ ಪಾಸಾಗಿಲ್ಲ ಅಂತ ಬರದಂಗೇ ಆತ್ರೀ. ಅದರ ಮ್ಯಾಲ ನಾ ಸಹಿ ಮಾಡಿದ್ರ ಯಾರ ನಂಬ್ತಾರ? ಉಳದ ಮೂರು ಸುತ್ತ ತಪ್ಪಿದ್ದು ನಾನೇ. ಒಂದಂತೂ ಸುಲಭ ಇತ್ತು, ಅವಸರ ಮಾಡಿದ್ನಿ. ಜೂನದಾಗ ಮತ್ತ ಕುಂದರ್ತೇನಿ."

ಆದರೆ ಒಂದು ಅರ್ಜಿ ಕೊಟ್ಟಿದ್ದಾರೆ. ಬಳಗಕ್ಕೆ ಅವರು ಕೊಟ್ಟ ಮೊದಲ ಅರ್ಜಿ, ಎರಡೇ ಸಾಲು: ಉತ್ತರ ಪತ್ರಿಕೆಯಲ್ಲಿ ಮೂರು ಖಾನೆಗಳ ಪಕ್ಕ ನಾಲ್ಕನೆಯದೊಂದು ಬೇಕು, ಮೂರೂ ಒಂದೇ ಎನ್ನುವುದಕ್ಕೆ.

ಮೌನೇಶ ಇನ್ನೂ ಒಪ್ಪಿಲ್ಲ. ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. "ಆ ಖಾನೆ ಕೊಟ್ರ ಸಂಶೇ ಬಂದವರೆಲ್ಲ ಅಲ್ಲೇ ಹೋಗಿ ಕುಂದರ್ತಾರ. ಫರಕ ಸಣ್ಣದಿದ್ದಾಗನ ನಾಲಿಗಿ ದುಡೀಬೇಕು," ಎನ್ನುತ್ತಾರೆ. ಈ ಮಾತು ಶೇವಂತಾ ಅವರ ಕಿವಿಗೂ ಬಿದ್ದಿದೆ. "ಅದೂ ಖರೇನೇ," ಎಂದು ಒಂದು ಕ್ಷಣ ಕೈ ನಿಲ್ಲಿಸುತ್ತಾರೆ. "ಆದ್ರ ಹನ್ನೊಂದ ಮಂದಿ ಇಲ್ಲದ ಫರಕ ಹುಡಿಕ್ಯಾರಲ್ರೀ. ಅವರು ಸುಳ್ಳ ಹೇಳಿಲ್ಲ. ಒಂದ ಬ್ಯಾರೆ ಅದ ಅಂತ ಕಾಗದ ಹೇಳ್ತು, ನಾಲಿಗಿ ಹೌದಂತು. ಕಾಗದ ಹಂಗ ಹೇಳಬಾರದು."

ಮುಂದಿನ ತಿಂಗಳು ಸಮಿತಿ ಮತ್ತೆ ಸೇರಲಿದೆ. ಅಷ್ಟರಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಒಂದು ಬದಲಾವಣೆಯಾಗಿದೆ: ಡಬ್ಬಿಗಳ ಮೇಲೆ ಶೇವಂತಾ ಅವರ ದುಂಡು ಅಕ್ಷರದಲ್ಲಿ ಊರು, ತಿಂಗಳು, ಚೀಲದ ಸಂಖ್ಯೆ ಕಾಣುತ್ತವೆ. ಸ್ಟೀಲ್ ಡಬ್ಬಿ ಮತ್ತು ಎಣ್ಣೆ ಡಬ್ಬಿಯ ಮೇಲೆ ಒಂದೇ ಚೀಟಿ, ಎರಡು ಸಲ ಬರೆದದ್ದು. "ಜೂನದಾಗ ಮತ್ತ ಸರ್ ಅವರೇ ಅಡಿಗಿ ಮಾಡ್ತಾರಂತ. ಅವರಿಗೆ ತ್ರಾಸ ಆಗಬಾರದಲ್ಲ," ಎನ್ನುತ್ತಾರೆ.

ಒಂಬತ್ತೂವರೆ. ಆಚೆ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು. ಶೇವಂತಾ ಕೊನೆಯ ಕುಕ್ಕರಿನಿಂದ ಒಂದು ಚಮಚ ಅಂಗೈಗೆ ಹಾಕಿಕೊಂಡು, ಸವಿದು, ತಲೆಯಾಡಿಸಿ, ಬಟ್ಟಲುಗಳನ್ನು ಸಾಲಾಗಿ ಇಡತೊಡಗುತ್ತಾರೆ. ಪ್ರಮಾಣಪತ್ರ ಮೊದಲು ಬೇಕೋ, ಖಾನೆ ಮೊದಲು ಬೇಕೋ ಎಂದು ಕೇಳುತ್ತೇನೆ.

"ಖಾನೆ. ಪ್ರಮಾಣಪತ್ರ ತಡಾ ಆದ್ರೂ ನಡೀತದ," ಎಂದು ತಟ್ಟೆ ಎತ್ತಿಕೊಂಡು, ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾರೆ. ಅರ್ಧ ಹೊರಗೆ, ಅರ್ಧ ಒಳಗೆ ನಿಂತು ಒಂದು ಮಾತು ಸೇರಿಸುತ್ತಾರೆ: "ನಾ ಅಡಿಗಿ ಮಾಡಿದ ದಿನ ಆ ಖಾನೇದ ಜರೂರತ್ ಬೀಳಂಗಿಲ್ಲ ಬಿಡ್ರೀ."