ಪಾವಗಡದ ಬಸ್ಸಿನಲ್ಲಿ ಚೀಲ ತಪಾಸಣೆ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಸ್ವಲ್ಪ ದೂರ ಆಂಧ್ರದೊಳಗೆ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಆ ತುಂಡು ರಸ್ತೆಯಲ್ಲಿ ಆಂಧ್ರದ ಪೇದೆಯೊಬ್ಬ ಬಸ್ಸು ಹತ್ತಿದ. ನಮ್ಮ ಕಡೆಯ ಮದ್ಯವನ್ನು ಅಲ್ಲಿ ಒಯ್ಯುವಂತಿಲ್ಲ.

ಕರ್ನಾಟಕದವರ ಚೀಲವೆಂದರೆ ಬರೀ ಬಾಟಲಿಯೇ ಎಂದು ತೆಲುಗಿನಲ್ಲಿ ಹೇಳಿ ನಕ್ಕ. ನನಗೆ ರೇಗಿತು.

"ನಾವೇನು ಕುಡುಕರಾ? ಗಡಿ ದಾಟಿ ಬಂದು ನಮ್ಮ ಅಂಗಡಿಗಳ ಮುಂದೆ ನಿಲ್ಲೋರು ನಿಮ್ಮವರು. ಈ ಬಸ್ಸಲ್ಲಿ ಒಂದು ತೊಟ್ಟು ಸಿಕ್ಕಿದರೆ ಕೇಳಿ!"

ಅರ್ಧ ಬಸ್ಸು ಹೌದು ಹೌದೆಂದಿತು.

ನನ್ನ ಪಕ್ಕದಲ್ಲಿದ್ದ ಬಡವನಹಳ್ಳಿಯ ಅಜ್ಜಿ ಮಾತ್ರ ತಾನಾಗಿಯೇ ಪೇದೆಯ ಮುಂದೆ ಚೀಲ ಬಿಚ್ಚಿದಳು. ಬೆಳ್ಳುಳ್ಳಿ, ಹರಳೆಣ್ಣೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಬಾಟಲಿ.

"ಬ್ರಾಂದಿ ಕಣಪ್ಪ. ಮಗಳಿಗೆ ಪಾವಗಡದ ತಾವ ರಾಯಚರ್ಲಾಗೆ ಎರಡನೇ ಬಾಣಂತನ. ಥಂಡಿ ಆಗದಂಗೆ ದಿನಾ ಎರಡು ಚಮಚ ಕುಡಿಸಬ್ಯಾಡ್ವಾ? ನಿನ್ನ ಹೆತ್ತಾಗ ನಿಮ್ಮವ್ವ ಕುಡೀಲಿಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ಪೇದೆ ಬಾಟಲಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಬೆಳ್ಳುಳ್ಳಿಯ ಅಡಿಗೆ ತಳ್ಳಿದ. ಆಮೇಲೆ ಅಚ್ಚ ಮಧುಗಿರಿ ಕನ್ನಡದಲ್ಲಿ ಕೇಳಿದ: "ಮಗು ಏನವ್ವಾ, ಗಂಡಾ ಹೆಣ್ಣಾ?"